ಮೂರನೆಯ ದಿನದ ಅತಿಥಿ

ಧರ್ಮವಿರುವಲ್ಲೆಲ್ಲ ಧರ್ಮದ ಹೆಸರಿನಲ್ಲಿ ಉಣ್ಣುವವರೂ ಇದ್ದೇ ಇರುತ್ತಾರೆ. ಆದಕಾರಣ, ನಿಜವಾದ ಗುರುವನ್ನು ವೇಷಧಾರಿಯಿಂದ ಬೇರ್ಪಡಿಸುವುದು ಹೇಗೆಂಬ ಪ್ರಶ್ನೆ ಧರ್ಮದಷ್ಟೇ ಹಳೆಯದು. ವಚನಗಳ ಪಾಠದಲ್ಲಿ ನಡೆನುಡಿಗಳ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ಇದನ್ನು ನನ್ನ ಮುಂದಿಡುವುದುಂಟು. ಪಂಡಿತರು ಕೊಟ್ಟಿರುವ ಉತ್ತರಗಳು ಹಲವು. ನನಗೆ ಬಹುವಾಗಿ ಹಿಡಿಸಿದ ಉತ್ತರವೊಂದು ಆದಿಕ್ರೈಸ್ತರ ಪುಟ್ಟ ಪುಸ್ತಕದಲ್ಲಿದೆ.

ಅದರ ಹೆಸರು ‘ದಿದಖೆ’. ಗ್ರೀಕ್ ಭಾಷೆಯಲ್ಲಿ ಉಪದೇಶವೆಂದರ್ಥ. ಕ್ರಿಸ್ತಶಕ ಒಂದನೆಯ ಶತಮಾನದ ಕೊನೆಗೋ ಎರಡನೆಯದರ ಆದಿಗೋ ಅದು ಹುಟ್ಟಿತೆಂದು ಬಹುಮಂದಿ ವಿದ್ವಾಂಸರ ಮತ. ಪ್ರಾಚೀನರು ಹೆಸರಿಸಿದ್ದ ಈ ಕೃತಿ ಬಹುಕಾಲ ಕಣ್ಮರೆಯಾಗಿತ್ತು. 1873ರಲ್ಲಿ ಫಿಲೊಥಿಯೋಸ್ ಬ್ರಿಯೆನ್ನಿಯೋಸ್ ಎಂಬ ಧರ್ಮಾಧಿಕಾರಿಗೆ ಕಾನ್‌ಸ್ಟಾಂಟಿನೋಪಲಿನ ಗ್ರಂಥಭಂಡಾರವೊಂದರಲ್ಲಿ, 1056ರಲ್ಲಿ ನಕಲಾದ ಹಸ್ತಪ್ರತಿಯೊಳಗೆ ಅದು ದೊರಕಿತು. 1883ರಲ್ಲಿ ಅಚ್ಚಾಯಿತು.

ಆ ಕಾಲದ ಕ್ರೈಸ್ತರಿಗೆ ದೇವಾಲಯಗಳಿರಲಿಲ್ಲ, ಮನೆಗಳಲ್ಲಿಯೇ ಕೂಡುತ್ತಿದ್ದರು. ಊರಿಂದೂರಿಗೆ ಸಂಚರಿಸುವ ಅಪೊಸ್ತಲರು, ಪ್ರವಾದಿಗಳು ಬಂದು ಬೋಧಿಸುತ್ತಿದ್ದರು. ಬಂದವನು ಎಂಥವನೆಂದು ತಿಳಿಯುವುದೆಂತು? ಅನುಮಾನಿಸಿದರೆ ಸತ್ಪುರುಷನಿಗೆ ಅಪಚಾರ. ನಂಬಿದರೆ ಮನೆಗೆ ಮೋಸ. ಭಯವೇನೂ ಕಲ್ಪಿತವಲ್ಲ. ಎರಡನೆಯ ಶತಮಾನದ ವಿಡಂಬಕ ಲೂಸಿಯನ್, ಪೆರೆಗ್ರಿನಸ್ ಎಂಬವನ ಕಥೆಯನ್ನು ನಗುನಗುತ್ತ ಹೇಳಿದ್ದಾನೆ. ಪ್ಯಾಲೆಸ್ಟೈನಿನ ಕ್ರೈಸ್ತರು ಇವನನ್ನು ಗುರುವೆಂದು ತಲೆಯ ಮೇಲೆ ಹೊತ್ತರು. ಸೆರೆಯಲ್ಲಿದ್ದಾಗ ವಿಧವೆಯರೂ ಅನಾಥರೂ ನಸುಕಿನಲ್ಲೇ ಬಾಗಿಲಲ್ಲಿ ಕಾದರು. ದೂರದ ಪಟ್ಟಣಗಳಿಂದ ಹಣ ಹರಿದುಬಂತು. ಸರಳ ಜನರ ನಡುವೆ ಚತುರನೊಬ್ಬ ಬೇಗ ಸಿರಿವಂತನಾಗುತ್ತಾನೆಂಬುದು ಲೂಸಿಯನ್ನನ ಕುಹಕ. ವಿಡಂಬನೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೂ ಹುಣ್ಣು ಇರುವಲ್ಲಿಯೇ ಅವನು ಬೆರಳಿಟ್ಟಿದ್ದನು.

ಈ ಹುಣ್ಣಿಗೆ ‘ದಿದಖೆ’ ಹೇಳುವ ಮದ್ದು ಮನೆಮದ್ದಿನಷ್ಟು ಸರಳ. ಬಂದ ಅಪೊಸ್ತಲನನ್ನು ಪ್ರಭುವನ್ನೇ ಬರಮಾಡಿಕೊಳ್ಳುವಂತೆ ಆದರಿಸಬೇಕು. ಒಂದು ದಿನ ಇರಲಿ. ಅಗತ್ಯವಿದ್ದರೆ ಎರಡನೆಯ ದಿನವೂ ಇರಲಿ. ಮೂರನೆಯ ದಿನವೂ ಉಳಿದನೋ, ಅವನು ಸುಳ್ಳು ಪ್ರವಾದಿ! ಹೊರಡುವಾಗ ಮುಂದಿನ ತಂಗುದಾಣದವರೆಗಿನ ರೊಟ್ಟಿಯನ್ನಲ್ಲದೆ ಬೇರೇನನ್ನೂ ಒಯ್ಯಕೂಡದು. ಹಣ ಬೇಡಿದರೆ ಅವನೂ ಸುಳ್ಳನೇ. ಆವೇಶದಲ್ಲಿ ಔತಣ ಸಿದ್ಧಪಡಿಸಲು ಅಪ್ಪಣೆಯಿತ್ತು ತಾನೇ ಉಣ್ಣುವವನೂ, ಬೋಧಿಸಿದ್ದನ್ನು ಆಚರಿಸದವನೂ ಅದೇ ಸಾಲಿನವರು. ಸಾಮಾನ್ಯ ಪ್ರಯಾಣಿಕನೊಬ್ಬ ನೆಲೆಸಬಯಸಿದರೆ ತನ್ನ ಕಸುಬು ಮಾಡಿ ಉಣ್ಣಲಿ. ಒಪ್ಪದಿದ್ದರೆ ಅವನು ಕ್ರಿಸ್ತನ ಹೆಸರಿನ ವ್ಯಾಪಾರಿ. ‘ಹೇಳುವುದು ಶಾಸ್ತ್ರ, ಹಾಕುವುದು ಗಾಳ’ ಎಂಬ ನಮ್ಮ ಗಾದೆಯ ಆಶಯವೂ ಇದೇ ಅಲ್ಲವೆ?

ಇಲ್ಲಿ ನನ್ನ ಮನಸ್ಸನ್ನು ಸೆಳೆದುದು ಈ ಪರೀಕ್ಷೆಯ ಪರೀಕ್ಷಕರು. ವಿಪರೀತ ಬೋಧನೆಗೆ ಕಿವಿಗೊಡಬೇಡಿರೆಂದು ಪುಸ್ತಕ ಎಚ್ಚರಿಸುವುದು ನಿಜ. ಆದರೆ ಪ್ರವಾದಿ ಆತ್ಮಾವೇಶದಿಂದ ನುಡಿಯುತ್ತಿರುವಾಗ ಅವನನ್ನು ಪರೀಕ್ಷಿಸುವುದು ಮಹಾಪಾಪವೆಂದೂ ಅದೇ ಪುಸ್ತಕ ಹೇಳುತ್ತದೆ. ವಾಗ್ವೈಭವವನ್ನು ತೂಗುವ ತಕ್ಕಡಿ ಜನಸಾಮಾನ್ಯರಲ್ಲಿ ಇಲ್ಲ. ಅತಿಥಿ ಎಷ್ಟು ದಿನ ಉಳಿದ, ಏನು ಕೇಳಿದ, ಏನು ಹೊತ್ತುಕೊಂಡು ಹೋದ ಎಂಬುದು ಮಾತ್ರ ರೊಟ್ಟಿ ಸುಟ್ಟುಕೊಟ್ಟ ಗೃಹಿಣಿಗೆ ಚೆನ್ನಾಗಿ ಗೊತ್ತು. ತೀರ್ಪಿನ ಅಧಿಕಾರ ಹೀಗೆ ಪಂಡಿತನ ಪೀಠದಿಂದ ಅಡುಗೆಮನೆಯ ಹೊಸ್ತಿಲಿಗೆ ಬಂದಿತು.

ಆದರೂ ಇದು ಸಂಶಯದ ಗ್ರಂಥವಲ್ಲ. ಪ್ರವಾದಿ ಬಡವರಿಗಾಗಿ ಬೇಡಿದರೆ ಯಾರೂ ಅವನನ್ನು ಆಕ್ಷೇಪಿಸಕೂಡದು. ನಿಜವಾದ ಪ್ರವಾದಿ ನೆಲೆಸಬಯಸಿದರೆ ಅವನಿಗೆ ಊಟದ ಹಕ್ಕುಂಟು. ಬೆಳೆಯ ಪ್ರಥಮಫಲ ಅವನಿಗೆ ಸಲ್ಲಬೇಕು. ಪ್ರವಾದಿ ಇಲ್ಲದಲ್ಲಿ ಅದು ಬಡವರ ಪಾಲು. ಸಭೆಯ ಅಧ್ಯಕ್ಷರನ್ನೂ ಸೇವಕರನ್ನೂ ಆರಿಸುವಾಗ ಸೌಮ್ಯರನ್ನು, ಹಣದಾಸೆಯಿಲ್ಲದವರನ್ನು, ಸತ್ಯವಂತರನ್ನು, ಪರೀಕ್ಷೆಯಲ್ಲಿ ಗೆದ್ದವರನ್ನು ಆರಿಸಿರೆಂದು ಅದು ಹೇಳುತ್ತದೆ. ವಾಗ್ಮಿಗಳೆಂಬ ಮಾತು ಆ ಪಟ್ಟಿಯಲ್ಲಿಲ್ಲ.

ಇವೆಲ್ಲ ಹಳೆಯ ಕಾಲದ ಮಾತೆಂದು ತಳ್ಳಿಹಾಕುವವರು 1978ರ ನವೆಂಬರ್ 18ನ್ನು ನೆನೆಯಬೇಕು. ಅಮೆರಿಕದ ಜಿಮ್ ಜೋನ್ಸ್ ಎಂಬ ಬೋಧಕನನ್ನು ನಂಬಿ ಗಯಾನಾ ದೇಶದ ಕಾಡಿಗೆ ಹೋದವರಲ್ಲಿ 900ಕ್ಕೂ ಹೆಚ್ಚು ಮಂದಿ ಆ ದಿನ ಮಡಿದರು. ಮಕ್ಕಳೇ ಸುಮಾರು 300. ಅವನ ಬಾಯಲ್ಲಿ ಸಮಾನತೆಯ, ಸೋದರಭಾವದ ಮಾತುಗಳಿದ್ದವು. ಆದರೆ ಅನುಯಾಯಿಗಳ ಆಸ್ತಿ ಅವನ ಕೈಸೇರಿತ್ತು. ಪಾಸ್‌ಪೋರ್ಟುಗಳನ್ನೂ ಅವನು ವಶದಲ್ಲಿಟ್ಟುಕೊಂಡಿದ್ದ. ಅಂದಿನ ಸಿರಿಯಾ ಸೀಮೆಯ ಅಕ್ಷರವರಿಯದ ರೈತನೂ ಕೇಳುತ್ತಿದ್ದ ಪ್ರಶ್ನೆಗಳನ್ನು ಅಲ್ಲಿ ಕೇಳಿದವರ ಬಾಯಿ ಮುಚ್ಚಿಸಲಾಗಿತ್ತು.

ನಮ್ಮ ಮನುಸ್ಮೃತಿಯೂ ಒಂದೇ ರಾತ್ರಿ ತಂಗುವವನನ್ನು ಅತಿಥಿಯೆನ್ನುತ್ತದೆ. ದೇವರ ಹೆಸರಿನಲ್ಲಿ ಬಂದವನು ಕೇಳುವವರನ್ನು ದೇವರಿಗೆ ಒಪ್ಪಿಸಿ ತಾನು ಹೊರಡಬಲ್ಲವನಾಗಿರಬೇಕು. ಕೇಳುವವರಿಗೂ ತನ್ನನ್ನು ಬಿಟ್ಟು ಹೊರಡುವ ಸ್ವಾತಂತ್ರ್ಯ ಕೊಡಬಲ್ಲವನಾಗಿರಬೇಕು. ಅಂಥವನಿಗೆ ಬಾಗಿಲು ತೆರೆದಿರಲೆಂದೇ ಆ ಹಿರಿಯರು ದಿನಗಳನ್ನು ಎಣಿಸಿದರು.