ಕರು, ಕುರಿ ಮತ್ತು ಕೈಬರಹ

ಮುಲ್ಲಾಮಾರಿಯ ದಡದ ಚಂದಾಪುರದಿಂದ ಹೊರಟು, ಸೇಡಂ ಚಿತ್ತಾಪುರಗಳ ತೊಗರಿಯ ಹೊಲಗಳನ್ನು ಹಾದು, ವಾಡಿ ಶಹಾಬಾದುಗಳ ಕಲ್ಲುಗಣಿಗಳವರೆಗೆ ನಡೆದರೆ, ದಾರಿಯಲ್ಲಿ ಸಿಗುವ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮೊದಲ ಮೂರು ತರಗತಿಗಳ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ತಮ್ಮ ಕೈಗೆ ನಿಲುಕುವಂತೆ ಗೋಡೆಯ ಬುಡದಲ್ಲಿ ಬಳಿದ ಕಪ್ಪುಹಲಗೆಯ ಮೇಲೆ ಅಕ್ಷರ ತಿದ್ದುವ ಪದ್ಧತಿಯೊಂದನ್ನು ಕಾಣಬಹುದು. ಇದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು ರೂಪಿಸಿದ ಈ ಕ್ರಮವು 2009-10ರಲ್ಲಿ ನಾಡಿನಾದ್ಯಂತ ವಿಸ್ತರಿಸಿತು.

ಇಲ್ಲಿ ವರ್ಣಮಾಲೆಯು ಅಕಾರದಿಂದ ಆರಂಭವಾಗಿ ಸಾಲುಸಾಲಾಗಿ ಬರುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು ಮೊದಲು ಬರುತ್ತವೆ. ಅಷ್ಟರಿಂದಲೇ ಮಗುವು ‘ಅಗಸ’ ಎಂದು ಬರೆಯಬಲ್ಲದು. ಅಗಸನ ಕತ್ತೆಯ ಕಥೆಯನ್ನು ಗುರುಗಳು ಆಗಲೇ ಹೇಳಿಬಿಡಬಹುದಾದರೂ, ಕತ್ತೆಯ ಹೆಸರು ಒತ್ತಕ್ಷರ ಕಲಿಯುವವರೆಗೆ ಕಾಯಬೇಕು. ಕಿವಿ ಮುಂದೆ, ಕೈ ಹಿಂದೆ. ಜ, ವ, ಮ, ಬ, ನ ಎಂಬ ಮುಂದಿನ ಗುಂಪು ಬಂದೊಡನೆ ‘ದನ’ ಪಾಟಿಯ ಮೇಲೆ ಮೂಡುತ್ತದೆ. ಕಾಗುಣಿತವನ್ನು ಪ್ರವೇಶಿಸಿದ ಮೇಲಂತೂ ಕೊಟ್ಟಿಗೆಯೇ ಪಾಠಶಾಲೆಯಾಗುತ್ತದೆ: ‘ಕರು’ವಿನ ರಕಾರದ ಕೊಂಬು ಕಕಾರಕ್ಕೆ ಸರಿದು, ರಕಾರಕ್ಕೆ ಗುಡಿಸು ಬಂದರೆ ಅದೇ ‘ಕುರಿ’. ತಾಯಿಯನ್ನಗಲಿದ ಕರುವು ಕುರಿಹಿಂಡಿನಲ್ಲಿ ಸೇರಿಕೊಂಡ ಕಥೆಯೊಂದನ್ನು ಗುರುಗಳು ಕಟ್ಟಿ ಹೇಳಿದರೆ, ಈ ಎರಡು ಚಿಹ್ನೆಗಳ ಭೇದವು ಕಾಪಿ ಪುಸ್ತಕದ ಹತ್ತು ಪುಟಗಳಿಂದ ಆಗದಷ್ಟು ದೃಢವಾಗಿ ಬೆರಳಿಗೆ ಹತ್ತುತ್ತದೆಂದು ನಾನು ನಂಬುತ್ತೇನೆ. ಅರ್ಥವಿಲ್ಲದ ಸಾಲುಗಳನ್ನು ದುಂಡಗೆ ಬರೆಯೆಂದು ಗದರಿಸಿ ಬರೆಯಿಸುವುದು ಎಳೆಯ ಕೈಗೆ ಮಾಡುವ ಅನ್ಯಾಯ.

ಈ ಸೀಮೆಯ ಮಕ್ಕಳಿಗೆ ಇನ್ನೊಂದು ಸುಯೋಗವಿದೆ. ಕಾರಹುಣ್ಣಿಮೆಯಂದು ಹಿರಿಯರು ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಬಳಿದು ಮೆರೆಸಿದ ತರುವಾಯ, ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅದು ಶಾಲೆ ಆರಂಭವಾಗಿ ಹೆಚ್ಚು ದಿನ ಕಳೆಯದ, ಮುಂಗಾರಿನ ಬಿತ್ತನೆಯ ಕಾಲ. ಜಿಗುಟಾದ ಮಣ್ಣನ್ನು ಮಿದ್ದು, ಹೆಬ್ಬೆರಳು ತೋರುಬೆರಳುಗಳ ನಡುವೆ ಚಿವುಟಿ ಕೊಂಬನ್ನು ಬಾಗಿಸಿ, ಹಿಣಿಲನ್ನು ದುಂಡಗೆ ತಿದ್ದಿ, ಎತ್ತಿನ ಮುಂದೆ ಗೋದಲಿಯನ್ನು ನಿಲ್ಲಿಸುವ ಮಗುವು, ಬಳಪವನ್ನು ಹಿಡಿಯಬೇಕಾದ ಬೆರಳುಗಳನ್ನೇ ಅರಿಯದೆ ಪಳಗಿಸಿಕೊಳ್ಳುತ್ತದೆ. ಸರಳರೇಖೆ ವಿರಳವಾಗಿ, ಬಾಗುಬಳಕುಗಳೇ ತುಂಬಿರುವ ನಮ್ಮ ಲಿಪಿಗೆ ಇದಕ್ಕಿಂತ ಯೋಗ್ಯವಾದ ಪೂರ್ವಾಭ್ಯಾಸವನ್ನು ಯಾವ ಪಠ್ಯಕ್ರಮವೂ ಕಲ್ಪಿಸಲಾರದು. ಆದರೂ ಆ ದಿನ ಶಾಲೆಯ ಬಾಗಿಲು ಮಣ್ಣಿಗೆ ಮುಚ್ಚಿರುವುದೇ ಹೆಚ್ಚು. ಮನೆಯಲ್ಲಿ ಹಾಸಿದ ಶಹಾಬಾದಿನ ಪರಸಿಕಲ್ಲನ್ನೂ ಶಾಲೆ ಹಾಗೆಯೇ ಮರೆತಿದೆ. ಖಡುವಿನಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಲು ಅದಕ್ಕಿಂತ ವಿಶಾಲವಾದ ಪಾಟಿ ಬೇಕೆ?

ಕಥೆಗಳಿಗಾದರೂ ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯರಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 11ನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಅದರಲ್ಲಿ ಸಿಂಹದ ಸಖ್ಯ ಬೆಳೆಸಿದ ಸಂಜೀವಕನು ಬಂಡಿಯೆಳೆದು ದಣಿದು ಕಾಡಿನಲ್ಲಿ ಉಳಿದುಹೋದ ಎತ್ತು. ಹೊಲದ ಕೆಸರಿನಲ್ಲಿ ಎತ್ತು ಮುಗ್ಗರಿಸಿದುದನ್ನು ಕಣ್ಣಾರೆ ಕಂಡ ಮಗುವಿಗೆ ಆ ಕಥೆಯನ್ನು ವಿವರಿಸಬೇಕಾದ ಪ್ರಮೇಯವಿಲ್ಲ.

ಚಿಂಚೋಳಿ, ಸೇಡಂ ಗಡಿಯ ಊರುಗಳಲ್ಲಿ ತೆಲುಗು ಮಾತನಾಡುವ ಮನೆಗಳಿವೆ, ತಾಂಡಾಗಳಲ್ಲಿ ಲಂಬಾಣಿ ನುಡಿಯಿದೆ. ಇಂಥ ಮಗುವಿಗೆ ಪ್ರಾಣಿ ಪರಿಚಿತ, ಪುಸ್ತಕದ ಹೆಸರು ಮಾತ್ರ ಅಪರಿಚಿತ. ಆದುದರಿಂದ ತಾನು ಬಿಡಿಸಿದ ಚಿತ್ರದ ಕೆಳಗೆ ಅದು ಮನೆಯ ಹೆಸರನ್ನು ಮೊದಲು, ಶಾಲೆಯ ಹೆಸರನ್ನು ಅನಂತರ ಕನ್ನಡ ಅಕ್ಷರಗಳಲ್ಲಿಯೇ ಬರೆಯಲಿ. ತೆಲುಗಿನ ಮಗುವಾದರೆ ‘ಆವು’, ‘ಆಕಳು’ ಎರಡನ್ನೂ ಬರೆದು, ಅವುಗಳ ಮೊದಲಲ್ಲಿರುವ ಆಕಾರವನ್ನು ಎರಡು ಸಲ ತಿದ್ದಿದಂತಾಗುತ್ತದೆ.