ಏಳೆಂಟ್ಲ ಎಷ್ಟು?

ಡಿಸೆಂಬರಿನ ಸಂಜೆ, ಐದೂವರೆ. ಜಯನಗರ ನಾಲ್ಕನೇ ಟಿ ಬ್ಲಾಕಿನ ಹಳೆಯ ಮನೆಯೊಂದರ ವರಾಂಡ. ಶಾಲೆಯ ಚೀಲ ಅಂಗಾತ ಬಿದ್ದಿದೆ. ಅರ್ಧ ತೆರೆದ ಜಿಪ್ಪಿನಿಂದ ಡೈರಿ ಇಣುಕುತ್ತಿದೆ. ಗೇಟಿನಾಚೆ ಹೊಂಗೆ ಮರದ ಕೆಳಗೆ ಕ್ರಿಕೆಟ್ ಶುರುವಾಗಿದೆ. ಮೂರನೇ ಕ್ಲಾಸಿನ ಮೊಮ್ಮಗನ ಕಣ್ಣು ಅಲ್ಲಿ, ಪೆನ್ಸಿಲ್ಲು ಇಲ್ಲಿ.

"ಅಜ್ಜಿ, ಸೆವೆನ್ ಏಟ್ಸ್ ಆರ್?"

ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಗೆ ಯೋಚನೆಯೇ ಬೇಡ. "ಏಳೆಂಟ್ಲ ಐವತ್ತಾರು."

"ಐವತ್ತಾರು ಅಂದ್ರೆ ಎಷ್ಟು?"

ಅಜ್ಜಿ ಸಿಪ್ಪೆ ಕೆಳಗಿಟ್ಟು, ಅವರೆ ಸೊಗಡಿನ ಬೆರಳಿನಿಂದ ಗಾಳಿಯಲ್ಲಿ ಐದು ಬರೆದು ಪಕ್ಕದಲ್ಲಿ ಆರು ಬರೆಯುತ್ತಾರೆ. ನೋಟುಬುಕ್ಕಿನಲ್ಲಿ 56 ಬೀಳುತ್ತದೆ. ದೀಪ ಹಚ್ಚುವ ಹೊತ್ತಿಗೆ ಸಾಲಾಗಿ ಕೂತು ಕೂಗಿ ಕಲಿತ ಮಗ್ಗಿ ಅದು. ಅರವತ್ತು ವರ್ಷವಾದರೂ ತುಕ್ಕು ಹಿಡಿದಿಲ್ಲ. ಮೊಮ್ಮಗನಿಗೆ ದಾಟುವಾಗ ಮಾತ್ರ ಗಾಳಿಯಲ್ಲೊಂದು ಸೇತುವೆ ಕಟ್ಟಬೇಕು.

ಡೈರಿಯಲ್ಲಿ ಇನ್ನೂ ಮೂರು ಸಾಲು ಬಾಕಿ: ಇಂಗ್ಲಿಷ್ ಪ್ರಶ್ನೋತ್ತರ, ಕನ್ನಡ ಕಾಪಿ, ನಾಳೆಗೆ ಚಾರ್ಟ್. ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿಯ ಪ್ರಕಾರ ಮೂರರಿಂದ ಐದನೇ ತರಗತಿಯವರಿಗೆ ವಾರಕ್ಕೆಲ್ಲ ಸೇರಿ ಎರಡು ಗಂಟೆಯ ಹೋಮ್‌ವರ್ಕ್ ಸಾಕು. ಇವತ್ತಿನ ಡೈರಿಯೊಂದೇ ಅದರಲ್ಲಿ ಅರ್ಧ ನುಂಗೀತು. ಒಂದು, ಎರಡನೇ ತರಗತಿಗೆ ಹೋಮ್‌ವರ್ಕೇ ಬೇಡ. ಸಂಜೆ ಏನು ಆಡಿದೆ, ಏನು ತಿಂದೆ ಎಂದು ಮಕ್ಕಳು ತರಗತಿಯಲ್ಲಿ ಹೇಳಲಿ ಎನ್ನುತ್ತದೆ ಆ ನೀತಿ. ನನಗೆ ಬಹಳ ಹಿಡಿಸಿದ ಮಾತು. ಆದರೆ ಹೇಳಬೇಕಾದರೆ ಮೊದಲು ಆಡಿರಬೇಕಲ್ಲ! ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯ ತಮ್ಮ ಮೊದಲ ಭಾಷಣದಲ್ಲೇ ಮಕ್ಕಳ ಬೆನ್ನಿನ ಹೊರೆಯ ಮಾತೆತ್ತಿದ್ದರು. ಯಶಪಾಲ್ ಸಮಿತಿ ಹೊರೆಯಿಲ್ಲದ ಕಲಿಕೆಯ ವರದಿ ಕೊಟ್ಟದ್ದು 1993ರಲ್ಲಿ. ಆಗ ಚೀಲ ಹೊತ್ತವರು ಈಗ ಅಪ್ಪ ಅಮ್ಮಂದಿರಾಗಿ ಅದನ್ನು ವ್ಯಾನಿನಿಂದ ಇಳಿಸಿಕೊಳ್ಳುತ್ತಿದ್ದಾರೆ.

ರಾತ್ರಿ ಒಂಬತ್ತು. ಜೆ.ಪಿ. ನಗರದ ಸ್ಟೇಷನರಿ ಅಂಗಡಿ ಅರ್ಧ ಶಟರ್ ಎಳೆದಿದೆ. ಹೆಲ್ಮೆಟ್ ತೆಗೆಯದೆಯೇ ಒಬ್ಬರು ಬಗ್ಗಿ ಒಳಗೆ ನುಗ್ಗುತ್ತಾರೆ. ಕೈಯಲ್ಲಿ ಮೊಬೈಲು, ಅದರಲ್ಲಿ ತರಗತಿಯ ವಾಟ್ಸ್ಯಾಪ್ ಗ್ರೂಪು.

"'ನೀರಿನ ಮೂಲಗಳು' ಇದೆಯಾ?"

"ಖಾಲಿ ಸಾರ್. ಸಂಜೆಯಿಂದ ಎಲ್ರೂ ಅದನ್ನೇ ಕೇಳ್ತಿದಾರೆ. 'ನೀರಿನ ಉಪಯೋಗಗಳು' ಇದೆ, ಕೊಡ್ಲಾ?"

ಅವರು ಒಂದು ಗಳಿಗೆ ನಿಜಕ್ಕೂ ಯೋಚಿಸುತ್ತಾರೆ. ಪಕ್ಕದಲ್ಲಿ ನೈಟಿಯ ಮೇಲೆ ದುಪ್ಪಟ ಹೊದ್ದ ತಾಯಿಯೊಬ್ಬರು ಐಸ್‌ಕ್ರೀಮ್ ಕಡ್ಡಿ ಎಣಿಸುತ್ತಿದ್ದಾರೆ. ನಾಳೆ ಅದು ಗುಡಿಸಲಾಗಬೇಕು. ಗುಡಿಸಲು ಕಟ್ಟಬೇಕಾದ ಇಂಜಿನಿಯರ್ ಮನೆಯಲ್ಲಿ ನಿದ್ದೆ ಹೋಗಿಯಾಗಿದೆ. ಹೆಲ್ಮೆಟ್ಟಿನವರು ಕೊನೆಗೆ ಬಿಳಿ ಚಾರ್ಟ್ ಕಾಗದ, ಸ್ಕೆಚ್ ಪೆನ್ನು ಕೊಳ್ಳುತ್ತಾರೆ. ಕನಕಪುರ ರಸ್ತೆಯಲ್ಲಿ ಸಾರಕ್ಕಿ ಕೆರೆಯ ಪಕ್ಕದಿಂದಲೇ ಬಂದವರು. ಇನ್ನು ಮನೆಗೆ ಹೋಗಿ ಕೆರೆ ಬರೆಯಬೇಕು. ಮಗನೇ ಬರೆದರೆ ಕೆರೆ ಅಂಕುಡೊಂಕಾದೀತು ಎಂಬ ಭಯ. ಕೆರೆ ಇರುವುದೇ ಅಂಕುಡೊಂಕಾಗಿ ಎಂದು ಅವರಿಗೆ ಯಾರು ಹೇಳಬೇಕು?

ಅದೇ ಹೊತ್ತಿಗೆ ಬಿಟಿಎಂ ಲೇಔಟಿನ ಮೂರು ಅಂತಸ್ತಿನ ಮನೆ. ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆ. ಯಾವ ಬೋರ್ಡಿನ ಶಾಲೆಯಾದರೂ ಕನ್ನಡ ಕಲಿಸಲೇಬೇಕೆಂದು ರಾಜ್ಯ 2015ರಲ್ಲಿ ಕಾಯ್ದೆ ಮಾಡಿದ ಮೇಲೆ ಇಂಥ ಮನೆಗಳ ಮೆಟ್ಟಿಲಿಗೆ ಹೊಸ ಕೆಲಸ ಹತ್ತಿದೆ. ಪಟ್ನಾದಿಂದ ಬಂದವರ ಮಗಳು ಮೂರನೇ ಮೆಟ್ಟಿಲಲ್ಲಿ ಕಾಪಿ ಪುಸ್ತಕ ತೊಡೆಯ ಮೇಲಿಟ್ಟು ಕೂತಿದ್ದಾಳೆ. ಮಾಲೀಕರ ಹೆಂಡತಿ ಬಾಗಿಲಲ್ಲಿ ಮಣೆ ಹಾಕಿಕೊಂಡು 'ಸೂರ್ಯ' ಬರೆಸುತ್ತಿದ್ದಾರೆ. ಕನ್ನಡದ ಒಂಬತ್ತರಂತೆ ಕಾಣುವ ಅರ್ಕಾವೊತ್ತಿನ ಹತ್ತಿರ ಪೆನ್ಸಿಲ್ಲು ನಿಲ್ಲುತ್ತದೆ.

"ಆಂಟಿ, ಬಾಯಲ್ಲಿ ರ್ ಫಸ್ಟ್ ಬರತ್ತೆ. ಬರೆಯೋವಾಗ ಯಾಕೆ ಲಾಸ್ಟ್?"

ಆಂಟಿ ಬಾಯಿ ತೆರೆದು ಮುಚ್ಚುತ್ತಾರೆ. ಹುಟ್ಟಿದಾಗಿನಿಂದ ಬರೆದದ್ದೇ, ಕೇಳಿಕೊಂಡದ್ದಿಲ್ಲ.

ಮೇಲಿನಿಂದ ಹುಡುಗಿಯ ತಾಯಿ ಇಳಿದು ಬರುತ್ತಾಳೆ, ಕೈಯೆಲ್ಲ ಚಪಾತಿ ಹಿಟ್ಟು. ಪುಸ್ತಕ ನೋಡಿ ನಗುತ್ತಾಳೆ. "ನಮ್ದೂ ಸೇಮ್ ಆಂಟಿ. ರ್ ಲಾಸ್ಟು. ಆದ್ರೆ ನಾವು ತಲೆ ಮೇಲೆ ಹಾಕ್ತೀವಿ." ಕುಕ್ಕರಗಾಲಲ್ಲಿ ಕೂತು, ಹಿಟ್ಟಿನ ಬೆರಳಿನಿಂದ ಮೆಟ್ಟಿಲ ಮೇಲೆ ಹಿಂದಿಯ ಸೂರ್ಯನನ್ನು ಬರೆದು, ನೆತ್ತಿಯಲ್ಲಿ ಪುಟ್ಟ ಕೊಂಡಿ ಎಳೆಯುತ್ತಾಳೆ.

ಆಂಟಿ ಕನ್ನಡಕ ಏರಿಸಿ, ಆ ಕೊಂಡಿಯನ್ನು ತೋರುಬೆರಳಿನಿಂದ ತಾವೂ ಒಮ್ಮೆ ತಿದ್ದುತ್ತಾರೆ.