ಎರೆಮಣ್ಣಿನಲ್ಲಿ ಕಳೆದ ಒಡವೆ

ಭಾಲ್ಕಿ ತಾಲೂಕಿನ ಸಾಯಗಾಂವ ಭಾಗದ ಎರೆಹೊಲದಲ್ಲಿ ಕಳೆ ಕೀಳುವಾಗ ಕಿವಿಯೋಲೆ ಜಾರಿದರೆ ಮರಳಿ ಕಣ್ಣಿಗೆ ಬೀಳುವುದು ದುರ್ಲಭ. ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣು ಚಿಕ್ಕ ಒಡವೆಯನ್ನು ನುಂಗಿಬಿಡುತ್ತದೆ. ಇಂತಹ ಸಂದರ್ಭದಲ್ಲಿ ಮೆಟಲ್ ಡಿಟೆಕ್ಟರ್ ನೆರವಾಗಬಲ್ಲುದು. ಅದರ ತಂತಿಸುರುಳಿಯ ಕಾಂತಕ್ಷೇತ್ರವು ನೆಲದೊಳಗಿನ ಲೋಹದಲ್ಲಿ ಸುಳಿವಿದ್ಯುತ್ತನ್ನು ಉಂಟುಮಾಡುತ್ತದೆ. ಅದನ್ನು ಗ್ರಹಿಸಿ ಯಂತ್ರವು ಸದ್ದು ಮಾಡುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿದ್ದ ಗುಂಡನ್ನು ಹುಡುಕಲು ಗ್ರಹಾಂ ಬೆಲ್ ಇಂಥದೇ ಸಾಧನವನ್ನು ಬಳಸಿ ವಿಫಲರಾದರು. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೂ ಅಡ್ಡಿಯಾದವೆನ್ನುತ್ತಾರೆ. ಹೊಲದಲ್ಲಿಯೂ ಹಾಗೆಯೇ, ಮೊಳೆ, ಬಾಟಲಿ ಮುಚ್ಚಳಗಳೂ ಸದ್ದು ಮಾಡಿಸುತ್ತವೆ. ಉಂಗುರದಷ್ಟು ಚಿಕ್ಕ ವಸ್ತುವು ಗೇಣಾಳ ದಾಟಿದರೆ ಸಿಗುವುದು ಕಷ್ಟ. ಮೀಟರುಗಟ್ಟಲೆ ಆಳದ ಚಿನ್ನವನ್ನು ತೋರಿಸುವೆವೆಂಬ ಜಾಹೀರಾತುಗಳನ್ನು ನಂಬಲಾಗದು.

ಕಳೆದ ಒಡವೆ ಹುಡುಕಿಕೊಡುವುದನ್ನು ಬಾಡಿಗೆ ಸೇವೆಯಾಗಿಯೂ ನಡೆಸಬಹುದು. ಆದರೆ ಬಹಮನಿ, ಬರೀದ್ ಶಾಹಿ ಅರಸರು ಆಳಿದ ಸೀಮೆಯಿದು. ಓಲೆಗೆ ಬದಲು ಹಳೆಯ ನಾಣ್ಯಗಳ ಗಡಿಗೆ ದೊರೆತರೆ? 1962ರ ಕರ್ನಾಟಕ ನಿಧಿ ನಿಕ್ಷೇಪ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯುಂಟು. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಂತೂ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ಆದ್ದರಿಂದ ಈ ಸೇವೆಗೆ ಇಳಿಯುವ ವರ್ತಕ ಬಾಂಧವರು ಹೊಲದೊಡೆಯರ ಒಪ್ಪಿಗೆಯನ್ನೂ ಕಳೆದ ಒಡವೆಯ ತೂಕ, ಗುರುತುಗಳನ್ನೂ ಮೊದಲೇ ಲಿಖಿತವಾಗಿ ಪಡೆದುಕೊಳ್ಳತಕ್ಕದ್ದು.